ಮುಸುರೆ ಕೈ

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ, ಕೈ ತೊಳೆಯುವ ಪಾಠವನ್ನು ಒಬ್ಬ ನರ್ಸಮ್ಮ ಹೇಳಿಕೊಡಬೇಕಾಯಿತು. ಅದೂ ನಾಲ್ಕು ಜನರ ಎದುರಿಗೆ.

ನಮ್ಮಮ್ಮ ಊರ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಗಾಯ ಮಾಡಿಕೊಂಡಳು. ಹೋಬಳಿಯ ಸಣ್ಣ ಆಸ್ಪತ್ರೆಯಲ್ಲಿ ಏಳು ಹೊಲಿಗೆ ಬಿದ್ದವು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ನಾಲ್ಕು ದಿನ ಇರಲಿ ಎಂದರು ಡಾಕ್ಟರು. ನಾನು ರಜಾ ಹಾಕಿ ಜೊತೆಗಿದ್ದೆ. ಕೆಲಸವಿಲ್ಲದ ಮೇಷ್ಟ್ರು ಪರೋಪಕಾರಿಯಾಗುವುದು ಸಹಜವಷ್ಟೆ! ಪಕ್ಕದ ಮಂಚದ ಮುದುಕನ ಕೀವುಗಟ್ಟಿದ ಕಾಲನ್ನೆತ್ತಿ ದಿಂಬು ಸರಿಸುತ್ತಿದ್ದೆ. ಹಾಗೆಯೇ ಬಂದು ಅಮ್ಮನ ಪಟ್ಟಿಯ ಅಂಚನ್ನೆತ್ತಿ, ಗಾಯ ಮಾಯುತ್ತಿದೆಯೇ ಎಂದು ಇಣುಕುತ್ತಿದ್ದೆ. ಮೂರನೆಯ ದಿನ ಹೊಲಿಗೆಯ ಸುತ್ತ ಕೆಂಪೇರಿತು. ರಾತ್ರಿ ಜ್ವರ ಬಂತು.

“ಮೇಷ್ಟ್ರೇ, ಪಟ್ಟಿ ಮುಟ್ಟಿದಿರಾ?” ಎಂದರು ನರ್ಸಮ್ಮ. “ಕೈ ತೊಳೆದುಕೊಂಡು ಮುಟ್ಟಿದಿರಾ?”

ನನ್ನ ಕೈ ಶುಭ್ರವಾಗಿಯೇ ಕಾಣುತ್ತಿತ್ತು. ಹಾಗೆಂದು ಹೇಳುವುದರೊಳಗೆ ಅಮ್ಮನೇ ಅಂದಳು: “ಮುಸುರೆ ಕೈ ಕಣೋ ಅದು. ಅನ್ನ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟಿದ ಹಾಗೆ.”

ಮಡಿಯ ಹೆಸರಿನಲ್ಲಿ ನಮ್ಮವರು ಮನುಷ್ಯರನ್ನೇ ದೂರವಿಟ್ಟದ್ದುಂಟು. ಅದನ್ನು ನಾನು ಹೊಗಳಲಾರೆ. ಆದರೆ ಅಮ್ಮ ಹೇಳಿದ ಮುಸುರೆ ಬರಿಯ ಕೈಯ ಮಾತು, ತೊಳೆದರೆ ಹೋಗುವಂಥದು. ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ನಡುವೆ ನೀರು ಬೇಕು, ಅಷ್ಟೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಹೇಳಿದ್ದೂ ಇದನ್ನೇ. ಹೆಣ ಕೊಯ್ದ ಕೈಯಲ್ಲೇ ಹೆರಿಗೆಯ ಹೆಂಗಸರನ್ನು ಪರೀಕ್ಷಿಸುತ್ತಿದ್ದ ಡಾಕ್ಟರುಗಳಿಂದ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಅನೇಕರು ಅವನನ್ನು ನಂಬಲಿಲ್ಲ. ತನ್ನ ಕೈಯೇ ಕೊಂದಿತೆಂದು ಯಾರು ತಾನೆ ಒಪ್ಪಿಯಾರು?

‘ಕೈ ತೊಳೆಯಿರಿ’ ಎಂಬ ಬೋರ್ಡು ಆ ವಾರ್ಡಿನ ಗೋಡೆಯ ಮೇಲೂ ಇತ್ತು. ಅದರ ಕೆಳಗೆ ನಲ್ಲಿ ಮಾತ್ರ ಇರಲಿಲ್ಲ! ನಲ್ಲಿ ಇದ್ದದ್ದು ಮೊಗಸಾಲೆಯ ಆ ತುದಿಯಲ್ಲಿ. ಪಕ್ಕದಲ್ಲಿ ಹತ್ತಾರು ಜನ ಒರೆಸಿಕೊಂಡ ಒಂದು ಒದ್ದೆ ಟವೆಲು. ಇಬ್ಬರೇ ನರ್ಸುಗಳು, ಹನ್ನೆರಡು ಮಂಚ. ಮಂಚದಿಂದ ಮಂಚಕ್ಕೆ ಹೋಗುವಾಗಲೆಲ್ಲ ಅಷ್ಟು ದೂರ ನಡೆದು ಬರಬೇಕೆಂದರೆ ಯಾರಿಂದಾದೀತು? ಅಮ್ಮನ ಜ್ವರದ ಮಾರನೆಯ ದಿನ ನರ್ಸಮ್ಮ ಡಾಕ್ಟರೊಡನೆ ಜಗಳವಾಡಿಯೇ ವಾರ್ಡಿನ ಬಾಗಿಲಲ್ಲಿ ನಲ್ಲಿಯಿರುವ ಡ್ರಮ್ಮು, ಸೋಪು ಇಡಿಸಿದರು. ಟವೆಲನ್ನು ತಾವೇ ಕಿತ್ತೆಸೆದರು. ಪ್ರತಿ ಮಂಚದ ಕಾಲಿಗೂ ಒಂದೊಂದು ಸ್ಯಾನಿಟೈಸರ್ ಬಾಟಲಿ ತೂಗಿತು, 2020ರಲ್ಲಿ ನಾವೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗಿ ಆಮೇಲೆ ಮರೆತೆವಲ್ಲ, ಅದೇ. ಕೊಳೆ ಕಂಡರೆ ಸೋಪು ನೀರು, ಇಲ್ಲದಿದ್ದರೆ ಇದು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ: ಇಪ್ಪತ್ತರಿಂದ ಮೂವತ್ತು ಸೆಕೆಂಡು ಉಜ್ಜಬೇಕು. ಅಮ್ಮ ಮಲಗಿದಲ್ಲೇ ಎಣಿಸುತ್ತಿದ್ದಳು. ಒಮ್ಮೆ ಡಾಕ್ಟರು ಹನ್ನೆರಡಕ್ಕೇ ನಿಲ್ಲಿಸಿದಾಗ, “ಇನ್ನೂ ಎಂಟು ಬಾಕಿ” ಎಂದಳು. ಅವರು ನಕ್ಕು ಮತ್ತೆ ಉಜ್ಜಿದರು.

ನಾಲ್ಕು ದಿನ ಹದಿನಾರಾಯಿತು. ಸಕ್ಕರೆ ಕಾಯಿಲೆಯವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಅಮ್ಮ ಏನೂ ಹೇಳಲಿಲ್ಲ.

ಹೊರಡುವ ದಿನ ಮುದುಕ ದಿಂಬು ಸರಿಸಲು ಕರೆದ. ಸರಿಸಿ, ಅಮ್ಮನನ್ನು ಎಬ್ಬಿಸಲು ತಿರುಗಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.