ಎಡಬದಿಯ ಕಿಟಕಿ

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಎಡಬದಿಯ ಕಿಟಕಿ ಹಿಡಿಯಬೇಕು. "ಅತ್ಲಾಗೆ ಕೂತ್ಕ ಕೂಸೇ, ಅರ್ಗಾ ಬತ್ತು" ಎಂದು ಅಪ್ಪಯ್ಯ ನನ್ನನ್ನು ಅಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಚೀಲದಲ್ಲಿ ಜಮೀನಿನ ಕಾಗದಪತ್ರ, ಆಯಿ ಕಟ್ಟಿಕೊಟ್ಟ ಅವಲಕ್ಕಿ. ಜಿಲ್ಲಾ ಕಚೇರಿಯ ಕೆಲಸ ವರ್ಷದ ಯಾವ ದಿನಕ್ಕಾದರೂ ಆಗುತ್ತಿತ್ತು. ಅಪ್ಪಯ್ಯ ಮಾತ್ರ ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾಗುವ ನಡುವಿನ, ಮೋಡವಿಲ್ಲದ, ಬಿಸಿಲು ಹೊಳೆಯುವ ದಿನವನ್ನೇ ಆರಿಸುತ್ತಿದ್ದ. ಆ ಹೊತ್ತಿಗೆ ಕಡಲು ಮಳೆಗಾಲದ ಕೆಂಪು ಕಳೆದು ನೀಲಿಯಾಗಿರುತ್ತದೆ. ಕಾಗದಪತ್ರ ಬರೀ ನೆಪವೆಂದು ಆಯಿಗೂ ಗೊತ್ತಿತ್ತು.

ಆವರ್ಸೆ, ಅಮದಳ್ಳಿ ದಾಟಿದ ಮೇಲೆ ಅರ್ಗಾದಲ್ಲಿ ಕಡಲು ರಸ್ತೆಯ ಹತ್ತಿರಕ್ಕೇ ಬರುತ್ತಿತ್ತು. ತೆಂಗಿನ ಸಾಲು, ಅದರಾಚೆ ಬಿಳಿ ಮರಳು, ಮೇಲೆತ್ತಿಟ್ಟ ದೋಣಿ, ಬೇಲಿಯ ಮೇಲೆ ಒಣಹಾಕಿದ ಬಲೆ, ಅಂಗಳದಲ್ಲಿ ನಿಂತು ಬಸ್ಸಿಗೆ ಕೈಬೀಸುವ ಮಕ್ಕಳು. ದೂರದಲ್ಲಿ ಅಂಜುದೀವ್ ನಡುಗಡ್ಡೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದನ್ನೂ 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟು ಅದನ್ನು ಪೋರ್ತುಗೀಸರಿಂದ ಬಿಡಿಸಿಕೊಂಡಿದ್ದನ್ನೂ ಅಪ್ಪಯ್ಯ ಹೇಳಿ ಮುಗಿಸುವಷ್ಟರಲ್ಲಿ ಬಿಣಗಾ ಬಂದುಬಿಡುತ್ತಿತ್ತು. ಅಡಿಕೆ ತೋಟದ ನೆರಳಲ್ಲೇ ಬೆಳೆದ ನನಗೆ ಅಷ್ಟೊಂದು ಬೆಳಕನ್ನು ಒಟ್ಟಿಗೆ ನೋಡಿ ಅಭ್ಯಾಸವಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡೇ ನೋಡುತ್ತಿದ್ದೆ.

ಕಾರವಾರದಲ್ಲಿ ಕಚೇರಿಯ ಕೆಲಸ ಬೇಗ ಮುಗಿದರೆ ಸರಿ, ಮುಗಿಯದಿದ್ದರೂ ಸರಿ, ಮಧ್ಯಾಹ್ನ ಗಾಳಿಮರಗಳ ನೆರಳಲ್ಲಿ ಅವಲಕ್ಕಿ ಬಿಚ್ಚುತ್ತಿದ್ದೆವು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಠಾಕೂರರು ಬಂದು ಉಳಿದು, ಇಲ್ಲೇ ಒಂದು ನಾಟಕ ಬರೆದರೆಂಬುದು ಅಪ್ಪಯ್ಯನಿಗೆ ತನ್ನ ಮನೆಯ ಸಂಗತಿಯಷ್ಟೇ ಹೆಮ್ಮೆ.

ಆದರೆ ಅವನನ್ನು ನಿಜವಾಗಿ ಹಿಡಿದು ನಿಲ್ಲಿಸುತ್ತಿದ್ದದ್ದು ರಂಪಣಿ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಇಳಿಸುತ್ತ ಹೋಗಿ ದಡಕ್ಕೆ ಮರಳುತ್ತಿದ್ದರು. ಆಮೇಲೆ ಎರಡು ತುದಿಗಳಲ್ಲೂ ಜನ ಸಾಲುಗಟ್ಟಿ ಹಗ್ಗ ಎಳೆಯುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಎರಡೂ ಸಾಲು ಮೆಲ್ಲಗೆ ಒಂದಕ್ಕೊಂದು ಹತ್ತಿರವಾಗುತ್ತಿದ್ದವು. ಗಂಟೆಗಟ್ಟಲೆ ಎಳೆದ ಮೇಲೆ ನೀರಿನಂಚಿನಲ್ಲಿ ಬಂಗಡೆಯ ರಾಶಿ ಕುದಿಯುವಂತೆ ಹೊರಳುತ್ತಿತ್ತು. ಮೀನು ತಿನ್ನದ ಅಪ್ಪಯ್ಯ ಆ ರಾಶಿಯನ್ನು ನೋಡಿ ಹಿಗ್ಗುತ್ತಿದ್ದ. ಊರಿಗೆ ಊರೇ ಪಾಲು ಪಡೆಯುವ ಬಲೆ ಅದು, ಎಳೆದವರಿಗೆಲ್ಲ ಪಾಲಿತ್ತು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು, ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ನಡುಕಡಲಲ್ಲಿ ಸುತ್ತುವರಿಯತೊಡಗಿದವು. ನಾನು ದೊಡ್ಡವಳಾಗುವ ಹೊತ್ತಿಗೆ ದಡದಲ್ಲಿ ಹಾಗೆ ಹಗ್ಗ ಎಳೆಯುವವರು ಅಪರೂಪವಾದರು.

1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಅರ್ಗಾ ಕಡೆಯ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ನೆಲೆ ಕೆಲಸ ಶುರುಮಾಡಿತು. ದೇಶಕ್ಕೆ ಅಂಥದೊಂದು ನೆಲೆ ಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕಾಗಿ ಮನೆ, ತೆಂಗು, ಗದ್ದೆ, ದೇವಸ್ಥಾನ, ದಡ ಎಲ್ಲವನ್ನೂ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದದ್ದನ್ನು ಒಪ್ಪಲಾರೆ. ಅಂಜುದೀವ್ ಈಗ ಅಲೆತಡೆಗೋಡೆಯ ಮೂಲಕ ನೆಲಕ್ಕೆ ಸೇರಿದೆ. ಎಡಬದಿಯ ಕಿಟಕಿಗೆ ಕಾಣುವುದು ನೆಲೆಯ ಗೋಡೆ.

ಅಪ್ಪಯ್ಯ ಆ ಗೋಡೆಯನ್ನೂ ನೋಡಿದ. ಕೊನೆಕೊನೆಗೆ ಆಸ್ಪತ್ರೆಗೆಂದು ಕಾರವಾರಕ್ಕೆ ಕರೆದೊಯ್ಯುವಾಗ, ಅರ್ಗಾ ಬಂದಾಗ, ಅಭ್ಯಾಸದಿಂದ ಎಡಕ್ಕೆ ತಿರುಗಿದವನು ಏನೂ ಮಾತಾಡಲಿಲ್ಲ. ಆ ಸಲ ಕಿಟಕಿಯ ಪಕ್ಕ ಅವನೇ ಕೂತಿದ್ದ.

ಅವನು ಹೋದ ಮೇಲೆ ಖಾತೆ ಬದಲಿಸುವ ಕಾಗದಗಳಿಗಾಗಿ ನಾನೊಬ್ಬಳೇ ಹೊರಟೆ. ಅಂದೂ ಚೊಕ್ಕ ಬಿಸಿಲು. ತೋಡೂರಿನಲ್ಲಿ ಮುದುಕಿಯೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಅರ್ಗಾದ ಗೋಡೆ ಶುರುವಾದದ್ದೇ, ಕೇಳದಿದ್ದರೂ, ನನ್ನ ಮುಂದಿನಿಂದ ಕೈಚಾಚಿ ಕಿಟಕಿಯ ಸರಳು ಹಿಡಿದು ಹೇಳತೊಡಗಿದಳು. "ಇಲ್ಲಿ ನಮ್ಮ ಬಾವಿ, ತಂಗಿ. ಇಲ್ಲಿ ಅತ್ತೆ ಮನೆ. ಇದರ ಹಿಂದೆ ದೋಣಿ ಎಳೀತಿದ್ರು." ಗೋಡೆಗೆ ಎಲ್ಲಿಯೂ ಗುರುತಿರಲಿಲ್ಲ, ಅವಳಿಗೆ ಒಂದು ಮನೆಯೂ ತಪ್ಪಲಿಲ್ಲ. ಬಸ್ಸಿಗೆ ಕೈಬೀಸುತ್ತಿದ್ದ ಮಕ್ಕಳ ಬಗ್ಗೆ ನಾನು ಹೇಳಿದೆ. ಯಾವ ಬಣ್ಣದ ಅಂಗಿ, ಯಾವ ತೆಂಗಿನ ಪಕ್ಕ ಎಂದೆಲ್ಲ ಅವಳು ಬಿಡದೆ ಕೇಳಿದಳು. ನನಗೆ ನೆನಪಿದ್ದಷ್ಟನ್ನು ಹೇಳುತ್ತ ಹೋದೆ. ಬಿಣಗಾ ದಾಟಿ ಕಾರವಾರದ ನಿಲ್ದಾಣ ಬಂದರೂ ಅವಳ ಪ್ರಶ್ನೆ ಮುಗಿದಿರಲಿಲ್ಲ. ಇಬ್ಬರೂ ಇಳಿದು ಚಾ ಅಂಗಡಿಯ ಬೆಂಚಿನ ಮೇಲೆ ಕೂತು ಮಾತು ಮುಂದುವರಿಸಿದೆವು.