ಆಮೆಯ ಅಗ್ನಿಮಾಂದ್ಯ

ಜಠರದಲ್ಲಿಯ ಅಗ್ನಿಯು ಮಂದವಾದರೆ ಸಕಲ ರೋಗಗಳಿಗೂ ಬಾಗಿಲು ತೆರೆದಂತೆ ಎಂದು ನಮ್ಮ ವೈದ್ಯಶಾಸ್ತ್ರವು ಹೇಳುವದು. ಮನುಷ್ಯನಿಗೆ ಈ ಅಗ್ನಿಯು ಒಳಗಿನದು. ಚಳಿಗಾಲವಿರಲಿ, ಬೇಸಿಗೆಯಿರಲಿ, ಅವನ ಮೈಯ ಕಾವು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ನಿಲ್ಲುವದು. ಆಮೆಯ ಮಾತು ಹಾಗಲ್ಲ. ಅದರ ಜಠರಾಗ್ನಿಯು ಆಕಾಶದಲ್ಲಿದೆ. ಬಿಸಿಲು ಬೆನ್ನ ಮೇಲೆ ಬಿದ್ದರೆ ತಿಂದದ್ದು ಅರಗುವದು. ಬೀಳದಿದ್ದರೆ ಕರುಳಿನಲ್ಲಿಯೇ ಕುಳಿತು ಕೊಳೆಯುವದು. ಈ ಒಂದು ಸಂಗತಿಯನ್ನು ಅರಿಯದ ಮನೆಗಳಲ್ಲಿ ಆಮೆಗಳು ಉಪವಾಸದಿಂದಲ್ಲ, ಉಪಚಾರದಿಂದಲೇ ಸಾಯುವದುಂಟು.

ಕಳೆದ ಪುಷ್ಯಮಾಸದಲ್ಲಿ ಬನಹಟ್ಟಿಯ ಒಂದು ನೇಕಾರ ಮನೆತನದಲ್ಲಿ ಇಂಥ ಪ್ರಸಂಗವೊಂದನ್ನು ನಾನು ಹತ್ತಿರದಿಂದ ನೋಡಿದೆನು. ಮನೆಯ ಯಜಮಾನನು ನನ್ನ ಹಳೆಯ ವಿದ್ಯಾರ್ಥಿ. ಅವನ ದೂರದ ಸಂಬಂಧಿಕನೊಬ್ಬನು, ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿಯು ನಿಲ್ಲುವಳೆಂದು ಹೇಳಿ, ಬೆನ್ನ ತುಂಬ ಹಳದಿಯ ನಕ್ಷತ್ರಗಳುಳ್ಳ, ಗೇಣಿಗೆ ತುಸು ಕಡಿಮೆಯ ನೆಲದಾಮೆಯೊಂದನ್ನು ತಂದುಕೊಟ್ಟಿದ್ದನು. ಕೂರ್ಮನು ಮಂದರವನ್ನು ಹೊತ್ತಾಗ ಕಡಲಿನಿಂದ ಲಕ್ಷ್ಮಿಯು ಬಂದದ್ದು ನಿಜ. ಹಾಲಾಹಲವೂ ಅದೇ ಕಡಲಿನಿಂದ ಬಂದಿತೆಂಬುದನ್ನು ಇಂಥವರು ನೆನೆಯುವದಿಲ್ಲ. ಮನೆಯ ಹುಡುಗಿಯು ಅದಕ್ಕೆ ‘ಚಿಕ್ಕಿ’ ಎಂದು ಹೆಸರಿಟ್ಟಿದ್ದಳು.

ನಾನು ಹೋದಾಗ ಚಿಕ್ಕಿಯು ಮಗ್ಗದ ಕೋಣೆಯ ತಣ್ಣನೆಯ ಮೂಲೆಯಲ್ಲಿ ತಲೆಕಾಲುಗಳನ್ನು ಒಳಗೆಳೆದುಕೊಂಡು ಕುಳಿತಿತ್ತು. ಮನೆಯ ಮುದುಕಿಯು ಹೇಳಿದಳು: “ಎಂಟು ದಿನಾ ಆತ್ರಿ ಮಾಸ್ತರ, ಒಂದು ತುತ್ತು ತಿಂದಿಲ್ಲ. ಧ್ಯಾನಕ್ಕ ಕುಂತೈತಿ ಅಂತ ನಾವು ಮುಟ್ಟಲಿಲ್ರಿ.”

ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಉಪಮೆಯನ್ನು ಕೊಟ್ಟಿದೆ; ನಾನೂ ಎಷ್ಟೋ ವರ್ಷ ಅದನ್ನು ಮಕ್ಕಳಿಗೆ ಪಾಠ ಹೇಳಿದವನೇ. ಆದರೆ ಎಂಟು ದಿವಸ ಒಳಗೆ ಸೇರಿದ ಆಮೆಯು ಯೋಗಿಯಲ್ಲ, ರೋಗಿ.

“ಏನೇನು ತಿನಸ್ತಿದ್ರಿ, ಅವ್ವಾ?” ಎಂದು ಕೇಳಿದೆನು.

“ನಾವು ಉಂಬೂದನ್ನ ಕೊಟ್ಟೇವ್ರಿ. ಹಾಲಾಗ ನೆನಿಸಿದ ರೊಟ್ಟಿ, ಬಾಳಿಹಣ್ಣು, ಹಬ್ಬದಾಗ ಹೋಳಿಗಿ. ಮನಿ ಮಗನ್ಹಾಂಗ ನೋಡೇವ್ರಿ.”

ಅಂದೇ ನನ್ನ ಪರಿಚಯದ ಪಶುವೈದ್ಯರೊಬ್ಬರನ್ನು ಕರೆಯಿಸಿದೆವು. ಅವರು ಪ್ರಾಣಿಯನ್ನು ತೂಗಿ, ಬಾಯನ್ನೂ ಕಣ್ಣುಗಳನ್ನೂ ಪರೀಕ್ಷಿಸಿ ವಿವರಿಸಿದ್ದು ಹೀಗೆ: ಈ ಜಾತಿಯ ಆಮೆಯು ಹುಲ್ಲು ಸೊಪ್ಪುಗಳಿಂದ ಬದುಕುವದು. ಆಕಳಿಗೆ ಹೊಟ್ಟೆಯಲ್ಲಿ ಹುಲ್ಲು ಹುದುಗುವಂತೆ, ಇದಕ್ಕೆ ದೊಡ್ಡ ಕರುಳಿನಲ್ಲಿ ಹುದುಗುವದು. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಒಡೆಯನಿಗೆ ಆಹಾರವನ್ನು ಒದಗಿಸುವವು. ಸಿಹಿಯೂ ಹಿಟ್ಟೂ ಒಳಗೆ ಬಿದ್ದರೆ ಆ ಜೀವಿಗಳ ಸಂಸಾರವೇ ಕೆಡುವದು. ಹೊಟ್ಟೆಯಲ್ಲಿ ವಾಯು ತುಂಬುವದು, ಮಲವು ನೀರಾಗಿ ದುರ್ಗಂಧ ಬೀರುವದು. ಹಾಲಂತೂ ಮೊಲೆಯುಣ್ಣುವ ಮರಿಗಳ ಆಹಾರ. ಮೊಟ್ಟೆಯೊಡೆದು ಹೊರಬೀಳುವ ಆಮೆಗೆ ತಾಯ ಹಾಲಿನ ಗುರುತೇ ಇಲ್ಲದಿರುವಾಗ ಅದನ್ನು ಅರಗಿಸುವ ಶಕ್ತಿಯಾದರೂ ಎಲ್ಲಿಂದ ಬರಬೇಕು? ಅದರ ಮೇಲೆ ಮಗ್ಗದ ಕೋಣೆ. ನೂಲು ಹರಿಯದಿರಲೆಂದು ತೇವವಾಗಿಟ್ಟ ಆ ಕೋಣೆಯೊಳಗೆ ಪುಷ್ಯದ ಚಳಿಯಲ್ಲಿ ಬಿಸಿಲಿನ ಒಂದು ಕಿರಣವೂ ಬೀಳುತ್ತಿರಲಿಲ್ಲ. ಅಗ್ನಿಯಿಲ್ಲದ ಒಲೆಯ ಮೇಲೆ ಹಬ್ಬದಡಿಗೆಯನ್ನು ಏರಿಸಿದಂತಾಗಿತ್ತು.

ಮೊದಲ ಚಿಕಿತ್ಸೆಯು ಔಷಧವಲ್ಲ, ಬೆಚ್ಚಗಿನ ನೀರು. ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರನ್ನು ಪ್ರಾಣಿಯ ಗದ್ದಕ್ಕಿಂತ ಕೆಳಗಿರುವಷ್ಟೇ ಹಾಕಿ, ದಿನಾಲು ಕಾಲು ತಾಸು ಅದರಲ್ಲಿ ನಿಲ್ಲಿಸುವದು. ಆಮೆಯು ಆಗ ನೀರನ್ನು ಕುಡಿಯುವದು, ಕರುಳು ಸಡಿಲಾಗುವದು. ಬಳಿಕ ಒರಸಿ ಎಳೆಬಿಸಿಲಿಗೆ ಬಿಡಬೇಕು. ಪಕ್ಕದಲ್ಲಿ ನೆರಳೂ ಇರಲೇಬೇಕು, ಏಕೆಂದರೆ ಸುಡುಬಿಸಿಲಿನಿಂದ ಓಡಿಹೋಗಲಾರದ ಆಮೆಯು ಬೆಂದು ಸಾಯುವದು. ಹಗಲಿನಲ್ಲಿ ಸುಮಾರು ೩೦ ಡಿಗ್ರಿ ಸೆಲ್ಸಿಯಸ್ ಕಾವು ಅದಕ್ಕೆ ಹಿತಕರ. ಮೂರನೆಯ ದಿವಸ ನೀರಿನಲ್ಲಿ ಸುಣ್ಣದ ಕೆನೆಯಂಥದೊಂದು ಬಿದ್ದುದನ್ನು ಕಂಡು ಮನೆಯವರೆಲ್ಲರೂ ಗಾಬರಿಯಾದರು. ಅದು ರೋಗವಲ್ಲ, ಆಮೆಯ ಮೂತ್ರದ ಗಟ್ಟಿ ಭಾಗವೇ ಹಾಗಿರುವದು. ಅದು ಮರಳಿನಂತೆ ಬಿರುಸಾಗಿದ್ದರೆ ಮಾತ್ರ ಮೈಯಲ್ಲಿ ನೀರು ಸಾಲದೆಂದು ತಿಳಿಯಬೇಕು.

ನಾಲ್ಕನೆಯ ದಿವಸ ನಿಜವಾದ ಭಯವು ಕಾಣಿಸಿತು. ಆಮೆಯ ಬಾಲದ ಕೆಳಗೆ ಎರಡಂಗುಲ ಕೆಂಪು ನೂಲು ಜೋತಾಡುತ್ತಿತ್ತು. ಕಂಡಿಕೆ ಸುತ್ತುವಲ್ಲಿ ಬಿದ್ದ ತುಣುಕುಗಳು ನೇಕಾರರ ಮನೆಯಲ್ಲಿ ಎಲ್ಲೆಲ್ಲಿಯೂ ಇರುವವಷ್ಟೆ. ಆಮೆಗೆ ಕೆಂಪು ಹಳದಿ ಬಣ್ಣಗಳೆಂದರೆ ಬಹಳ ಆಸೆ. ಹೂವೆಂದು ತಿಳಿದು ನುಂಗಿರಬೇಕು. ಸೊಸೆಯು ನೂಲನ್ನು ಹಿಡಿದು ಎಳೆಯಲು ಕೈಚಾಚಿದಳು. ವೈದ್ಯರು ಕೂಗಿ ತಡೆದರು. ಒಳಗೆ ಎಷ್ಟು ಉದ್ದವಿದೆಯೋ, ಎಲ್ಲಿ ಸುತ್ತಿಕೊಂಡಿದೆಯೋ ಯಾರು ಬಲ್ಲರು? ಬಿಗಿದು ಎಳೆದರೆ ನೂಲು ಕರುಳನ್ನು ಗರಗಸದಂತೆ ಕೊಯ್ಯುವದು. ಹೊರಗಿನ ತುದಿಯನ್ನು ಮಾತ್ರ ಕತ್ತರಿಸಿ, ಸ್ನಾನವನ್ನು ದಿನಕ್ಕೆ ಎರಡು ಸಲ ಮಾಡಿಸಿದರು. ತಾನಾಗಿ ಬರದಿದ್ದರೆ ಹೊಟ್ಟೆ ಕೊಯ್ಯಬೇಕಾಗುವದು ಎಂಬ ಮಾತನ್ನೂ ಮರೆಮಾಚಲಿಲ್ಲ. ಆ ರಾತ್ರಿ ಹುಡುಗಿಯು ಊಟ ಮಾಡಲಿಲ್ಲ.

ಇದರ ನಡುವೆ ನೆರೆಯವನೊಬ್ಬನು ಕುರಿಗಳಿಗೆ ಹುಳುವಿನ ಸಲುವಾಗಿ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಹಿಡಿದುಕೊಂಡು ಬಂದನು. “ಒಂದ್ ಹನಿ ಹಾಕ್ರಿ, ಹೊಟ್ಟಿ ಸ್ವಚ್ಛ ಆಕ್ಕೈತಿ” ಎಂದನು. ಒಳ್ಳೆಯ ಮನಸ್ಸಿನ ಮನುಷ್ಯನೇ. ಆದರೆ ಕುರಿಗೆ ಅಮೃತವಾದ ಆ ಔಷಧವು ಆಮೆಗೆ ಪ್ರಾಣಾಂತಕ. ನರಗಳು ಸೋತು ಸಾಯುವದು. ನಮ್ಮ ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯಲ್ಲಿ ಕುರಿ ಸಾಕುವವರ ಮನೆಮನೆಗೂ ಆ ಸೀಸೆಯು ಇರುವದರಿಂದ ಈ ಮಾತನ್ನು ಒತ್ತಿ ಬರೆದಿದ್ದೇನೆ. ಇನ್ನೊಂದು: ಆಮೆಯ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುವು ಇರಬಹುದಾದ್ದರಿಂದ, ಮುಟ್ಟಿದವರು ಸಾಬೂನಿನಿಂದ ಕೈತೊಳೆಯಬೇಕು, ಆ ಬೋಗುಣಿಯು ಮರಳಿ ಅಡಿಗೆಮನೆಗೆ ಹೋಗಬಾರದು.

ಏಳನೆಯ ದಿವಸ ಬೆಳಿಗ್ಗೆ ನೀರಿನಲ್ಲಿ ಕಪ್ಪು ಮಲದೊಡನೆ ನೂಲಿನ ಉಂಡೆಯು ಬಿದ್ದಿತು. ಸಾಯಂಕಾಲ ಚಿಕ್ಕಿಯು ಕತ್ತನ್ನು ನೀಡಿ ಒಂದು ದಾಸವಾಳದ ಹೂವನ್ನು ಕಚ್ಚಿತು. ಆ ಮೇಲಿನ ಪಥ್ಯವು ಸುಲಭ: ಕರಕಿ, ದಾಸವಾಳದ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ. ಚಿಪ್ಪಿನ ಬಲಕ್ಕಾಗಿ ಸಮುದ್ರಫೇನದ ಒಂದು ತುಂಡು. ಇದು ಗಿಡಮೂಲಿಕೆಯ ಅಂಗಡಿಗಳಲ್ಲಿ ದೊರೆಯುವದು.

ಇನ್ನು ಹೇಳಲೇಬೇಕಾದದ್ದೊಂದಿದೆ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೇರೆಗೆ ಅಪರಾಧ. ೨೦೧೯ರಲ್ಲಿ ದೇಶದೇಶಗಳ ಒಪ್ಪಂದದಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರವೂ ನಿಷಿದ್ಧವಾಯಿತು. ಆದರೂ ಲಕ್ಷ್ಮಿಯ ಆಸೆಗಾಗಿಯೂ ಬೆನ್ನಿನ ಅಂದಕ್ಕಾಗಿಯೂ ಇವುಗಳನ್ನು ಕದ್ದು ಸಾಗಿಸುವದು ನಿಂತಿಲ್ಲ. ಸಿಂಗಪುರಕ್ಕೆ ಹೋಗಿ ಸಿಕ್ಕಿಬಿದ್ದ ೫೧ ಆಮೆಗಳು ೨೦೧೮ರ ನವೆಂಬರಿನಲ್ಲಿ ವಿಮಾನದಿಂದ ಬೆಂಗಳೂರಿಗೆ ಮರಳಿದವು. ವೈದ್ಯರು ಮೊದಲನೆಯ ದಿನವೇ ಇದನ್ನು ತಿಳಿಸಿದ್ದರು. ನನ್ನ ವಿದ್ಯಾರ್ಥಿಯು ದಂಡಕ್ಕೆ ಹೆದರಿ, “ರಾತ್ರಿ ಒಯ್ದು ಅಡವ್ಯಾಗ ಬಿಟ್ಟು ಬರ್ತೀನ್ರಿ ಸರ” ಎಂದನು. ಅದು ಎರಡನೆಯ ಅಪರಾಧವಾಗುತ್ತಿತ್ತು. ಬೇರೆ ಸೀಮೆಯಿಂದ ಬಂದ, ಕಾಯಿಲೆಯ ಪ್ರಾಣಿಯನ್ನು ಗುರುತಿಲ್ಲದ ನೆಲದಲ್ಲಿ ಬಿಟ್ಟರೆ ಅದೂ ಉಳಿಯದು, ಅಲ್ಲಿಯವಕ್ಕೂ ರೋಗವು ತಗಲುವದು. ನಡೆದದ್ದನ್ನೆಲ್ಲ ಕಂಡಂತೆಯೇ ಅರ್ಜಿಯಲ್ಲಿ ಬರೆದು, ಅವನನ್ನು ಕರೆದುಕೊಂಡು ನಾನೇ ಅರಣ್ಯ ಇಲಾಖೆಯ ಕಚೇರಿಗೆ ಹೋದೆನು. ಪ್ರಯಾಣಕ್ಕೆ ತಡೆಯುವಷ್ಟು ಚೇತರಿಸುವವರೆಗೆ ಅದು ವೈದ್ಯರ ದೃಷ್ಟಿಯಲ್ಲಿಯೇ ಇರಲೆಂದು ಗೊತ್ತಾಯಿತು.

ಮಾಘದ ಮೊದಲ ವಾರದಲ್ಲಿ ಇಲಾಖೆಯವರು ಬಂದರು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಣಹುಲ್ಲನ್ನು ಹಾಸಿದರು. ಚಿಕ್ಕಿಯ ಪಥ್ಯವನ್ನೆಲ್ಲ ನಾನು ಒಂದು ಕಾಗದದಲ್ಲಿ ಬರೆದುಕೊಟ್ಟೆನು. ಹುಡುಗಿಯು ಅದನ್ನು ಇಸಿದುಕೊಂಡು ಓದಿ, ಕೆಳಗೆ ತನ್ನ ಅಕ್ಷರದಲ್ಲಿ ಇನ್ನೊಂದು ಸಾಲನ್ನು ಸೇರಿಸಿದಳು: “ಕೆಂಪು ದಾಸವಾಳವನ್ನು ಮೊದಲು ಕೊಡಬೇಕು, ಬಿಳಿಯದನ್ನು ಇದು ತಿನ್ನುವದಿಲ್ಲ.”