ಎರಡು ಬೆರಳಿನ ಲೆಕ್ಕ

ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 20ರಷ್ಟು ನಷ್ಟ. ಹೆಬ್ಬೆರಳೊಂದೇ ಹೋದರೆ ಶೇ 30, ನಾಲ್ಕು ಬೆರಳಿಗೆ ಶೇ 50. 1923ರ ನೌಕರರ ಪರಿಹಾರ ಕಾಯ್ದೆಯ ಕೊನೆಯಲ್ಲಿ ಹೀಗೊಂದು ಪಟ್ಟಿ ಇದೆ. 2022ರಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್‌ಗೆ ಸಿಕ್ಕಿ ನಮ್ಮಣ್ಣನ ಬಲಗೈಯ ತೋರುಬೆರಳು, ನಡುಬೆರಳು ಹೋದಮೇಲೆ ಮನೆಯವರೆಲ್ಲ ಈ ಪಟ್ಟಿ ಓದೋದು ಕಲಿತೆವು.

ಅಣ್ಣನಿಗೆ ಆಗ 35. ತಿಂಗಳ ಸಂಬಳ 26,000. ಸಂಬಳ 21,000 ದಾಟಿದ್ದರಿಂದ ಇಎಸ್‌ಐ ಇರಲಿಲ್ಲ, ಪರಿಹಾರ ಕೊಡೋ ಹೊಣೆ ನೇರ ಕಂಪನಿಯದ್ದೇ. ಆಸ್ಪತ್ರೆಯಿಂದ ಬಂದ ವಾರಕ್ಕೆ ಕಂಪನಿಯವರು ಒಂದು ಸ್ಟಾಂಪ್ ಪೇಪರ್ ಹಿಡ್ಕೊಂಡು ಮನೆಗೇ ಬಂದ್ರು. ಒಂದೂವರೆ ಲಕ್ಷ ಕೊಡ್ತೀವಿ, ಮುಂದೆ ಏನೂ ಕೇಳಲ್ಲ ಅಂತ ಸಹಿ ಹಾಕಿ ಅಂದ್ರು. ಪ್ರೆಸ್‌ನ ಗಾರ್ಡ್ ತೆಗೆದಿಟ್ಟು ಕೆಲಸ ಮಾಡಿದ್ದು ಇವನದ್ದೇ ತಪ್ಪು ಅನ್ನೋ ಮಾತೂ ಜೊತೆಗೇ ಬಂತು.

ಆ ರಾತ್ರಿ ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ನಾನೇ ಲೆಕ್ಕ ಹಾಕಿದೆ. ಸಂಬಳ ಎಷ್ಟೇ ಇರಲಿ, ಕಾಯ್ದೆ ಹಿಡಿಯೋದು ಹೆಚ್ಚೆಂದರೆ 15,000. ಅದರ ಶೇ 60 ಅಂದ್ರೆ 9,000. ಅದನ್ನು 35 ವಯಸ್ಸಿಗೆ ಕೊಟ್ಟಿರೋ 197.06ರಿಂದ ಗುಣಿಸಿ, ಬಂದಿದ್ದರಲ್ಲಿ ಶೇ 20. ಒಟ್ಟು 3,54,708 ರೂಪಾಯಿ. ಕಾಯ್ದೆಗಿಂತ ಕಮ್ಮಿಗೆ ಹಕ್ಕು ಬಿಟ್ಟುಕೊಡಿಸೋ ಇಂಥ ಪತ್ರ ಕಾನೂನಿನಲ್ಲಿ ನಿಲ್ಲಲ್ಲ ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಅತ್ತಿಗೆ ಆ ಪೇಪರನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು, ಅದೇ ಒಳ್ಳೇದಾಯ್ತು.

ಕೋರ್ಟಿಗೆ ಹೋಗಲೇಬೇಕು ಅಂದವರು ಸೋದರಮಾವ. ಅವರು ಕರ್ಕೊಂಡು ಹೋದ ವಕೀಲರು ಒಳ್ಳೆಯವರೇ, ಒಂದು ಹಳೇ ಕೇಸನ್ನೂ ಹೇಳಿದ್ರು. 1968ರಲ್ಲಿ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲಿಂದ ತೆಗೆಯಬೇಕಾಯ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಹಾಗಾಗಿ ನಷ್ಟ ಪೂರ್ತಿ ಶೇ 100 ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ದೊಡ್ಡ ತೀರ್ಪು, ಇವತ್ತಿಗೂ ವಕೀಲರು ಅದನ್ನೇ ಎತ್ತಿ ಹೇಳ್ತಾರೆ. ಆದರೆ ತೀರ್ಪು ಬಂದಿದ್ದು 1975ರ ಡಿಸೆಂಬರ್‌ನಲ್ಲಿ. ಏಳು ವರ್ಷದ ಮೇಲೆ.

ಯೂನಿಯನ್ ಸೆಕ್ರೆಟರಿ ಬೇರೆ ಎರಡು ಮಾತು ಹೇಳಿದ್ರು. "ನೋಡಮ್ಮಾ, ಗಾರ್ಡ್‌ನ ಬೇಕಂತಲೇ ತೆಗೆದ ಅಂತ ಅವರು ಕೋರ್ಟ್‌ನಲ್ಲಿ ಸಾಬೀತು ಮಾಡಿದ್ರೆ ಬೆರಳಿಗೆ ಒಂದು ರೂಪಾಯಿನೂ ಸಿಗಲ್ಲ. ಇನ್ನೊಂದು, ಶೇ 100 ಕೇಳಬೇಕಂದ್ರೆ ಇವನು ಇನ್ನು ದುಡಿಯೋಕೇ ಆಗಲ್ಲ ಅಂತ ನಾವೇ ವಾದ ಮಾಡಬೇಕು. ಇವನಿಗೆ ಏನು ಬೇಕು ಅಂತ ಕೇಳಿದ್ರಾ?"

ನಾವ್ಯಾರೂ ಕೇಳಿರಲಿಲ್ಲ ಅನ್ನೋದು ಹೌದು. ಕೇಳಿದಾಗ ಅಣ್ಣ, "ನಂಗೆ ಕೆಲಸ ಬೇಕು" ಅಂದ. ಮನೆ ಸಾಲ ಇನ್ನೂ 14 ವರ್ಷ ಇತ್ತು.

ಆ ಕಾರ್ಖಾನೆಯ ವೇತನ ಒಪ್ಪಂದದಲ್ಲೇ ಒಂದು ಷರತ್ತಿತ್ತು. ಅಪಘಾತದ ತಕರಾರು ಬಂದರೆ ಮೊದಲು ಯೂನಿಯನ್ನಿನ ಇಬ್ಬರು, ಆಡಳಿತದ ಇಬ್ಬರು ಸೇರಿ ವಿಚಾರಿಸಬೇಕು. ಆ ನಾಲ್ವರು ಮಾಡಿದ ಮೊದಲ ಕೆಲಸ, ಮೆಂಟೇನೆನ್ಸ್ ಲಾಗ್‌ಬುಕ್ ತರಿಸಿದ್ದು. ಗಾರ್ಡ್ ಬಿಚ್ಚಿದ್ದು ಹಿಂದಿನ ಶಿಫ್ಟ್‌ನ ರಿಪೇರಿಯವರು, ಹಾಕದೆ ಹೋಗಿದ್ದರು. ಪುಸ್ತಕದಲ್ಲಿ ಸಮಯದ ಸಮೇತ ಬರೆದಿತ್ತು. ಕೋರ್ಟ್‌ಗೆ ಹೋಗಿದ್ದರೆ ಆ ಪುಸ್ತಕ ನಮ್ಮ ಕಣ್ಣಿಗೆ ಯಾವಾಗ ಬೀಳ್ತಿತ್ತೋ, ಬೀಳ್ತಿತ್ತೋ ಇಲ್ಲವೋ. ಅಲ್ಲಿಂದ ಮುಂದೆ ತಪ್ಪು ಯಾರದ್ದು ಅನ್ನೋ ಮಾತೇ ಬರಲಿಲ್ಲ.

ಮೂರು ಸುತ್ತು ಮಾತಾಯ್ತು. ಕಾಯ್ದೆಯ ಪೂರ್ತಿ ಮೊತ್ತ, ಒಂದು ತಿಂಗಳಾದಮೇಲೆ ತಡವಾದ ದಿನಗಳಿಗೆ ಶೇ 12 ಬಡ್ಡಿ, ಆಸ್ಪತ್ರೆ ಖರ್ಚು. ಇಷ್ಟು ಕೋರ್ಟ್‌ನಲ್ಲೂ ಸಿಗಬಹುದಿತ್ತು. ಕೋರ್ಟ್ ಕೊಡಲಾಗದ್ದು ಉಳಿದೆರಡು. ಅದೇ ಸಂಬಳಕ್ಕೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಮತ್ತೆ, ಆ ಸಾಲಿನ ಎಲ್ಲ ಪ್ರೆಸ್‌ಗಳಿಗೂ ಎರಡು ಬಟನ್. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತೆ, ಆಗ ಕೈ ಒಳಗಿರೋಕೆ ಸಾಧ್ಯವೇ ಇಲ್ಲ.

ಇಷ್ಟಕ್ಕೇ ಮುಗಿಸೋಣ, ನಂಬಿಕೆ ಇಲ್ವಾ ಅಂದ್ರು ಕಂಪನಿಯವರು. ಸೆಕ್ರೆಟರಿ ಒಪ್ಪಲಿಲ್ಲ. ಇಂಥ ಒಪ್ಪಂದವನ್ನು ಪರಿಹಾರ ಆಯುಕ್ತರಿಗೆ ಕಳಿಸಿ ನೋಂದಾಯಿಸಬೇಕು. ಮೊತ್ತ ಕಮ್ಮಿ ಅನ್ನಿಸಿದರೆ, ಮೋಸ ಅಥವಾ ಒತ್ತಡದಿಂದ ಸಹಿ ಹಾಕಿಸಿದ್ದಾರೆ ಅನ್ನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಯೂನಿಯನ್ ಮಾತುಕತೆ ಅಂದ್ರೆ ಮ್ಯಾನೇಜರ್ ಕ್ಯಾಬಿನ್‌ನಲ್ಲಿ ಟೀ ಕುಡಿದು ಮುಗಿಸೋದು ಅನ್ನೋ ಅನುಮಾನ ನನಗೂ ಇತ್ತು. ಅಂಥ ಯೂನಿಯನ್‌ಗಳೂ ಇವೆ. ಅದಕ್ಕೇ ಈ ನೋಂದಣಿ ನನಗೆ ಮುಖ್ಯ ಅನ್ನಿಸೋದು. ಆಯುಕ್ತರು ಅಣ್ಣನನ್ನೇ ಕರೆದು, ಓದಿ ಅರ್ಥ ಮಾಡಿಕೊಂಡೇ ಸಹಿ ಹಾಕಿದೆಯಾ ಅಂತ ಕೇಳಿದರು. ಅಪಘಾತ ಆಗಿ ಹನ್ನೊಂದನೇ ವಾರಕ್ಕೆ ದುಡ್ಡು ಕೈಸೇರಿತು.

ಮಾವ ಈಗಲೂ ಕೋರ್ಟ್‌ಗೆ ಹೋಗಿದ್ದರೆ ಇನ್ನೂ ಜಾಸ್ತಿ ಸಿಗ್ತಿತ್ತು ಅಂತಾರೆ. ಇರಬಹುದು. ಕಂಪನಿ ಕೂತು ಮಾತಾಡೋಕೆ ಒಪ್ಪದಿದ್ದರೆ ನಾವೂ ಅಲ್ಲಿಗೇ ಹೋಗ್ತಿದ್ವಿ. ಅರ್ಜಿ ಹಾಕೋಕೆ ಎರಡು ವರ್ಷ ಸಮಯವಿದೆ ಅಂತ ವಕೀಲರು ಹೇಳಿದ್ದು ಮಾತುಕತೆಯಲ್ಲಿ ನಮಗೆ ಬಲ ಕೊಟ್ಟಿತು.

2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಒಪ್ಪಂದ ನೋಂದಾಯಿಸುವ ನಿಯಮ ಅದರಲ್ಲೂ ಉಂಟು. ನಾನು ಕೆಲಸ ಮಾಡೋ ಸಾಫ್ಟ್‌ವೇರ್ ಕಂಪನಿಯಲ್ಲಿ ಯೂನಿಯನ್ ಇಲ್ಲ. ಅಣ್ಣನ ಪಕ್ಕದ ಪ್ರೆಸ್‌ನಲ್ಲಿ ನಿಲ್ಲೋ ಗುತ್ತಿಗೆ ಹುಡುಗರಿಗೆ ಯೂನಿಯನ್ ಇದ್ದೂ ಇಲ್ಲ, ಸದಸ್ಯತ್ವ ಕಾಯಂ ನೌಕರರಿಗೆ ಮಾತ್ರ. ಎರಡು ಬಟನ್ ಅವರ ಕೈಯನ್ನೂ ಕಾಯುತ್ತೆ, ಷರತ್ತು ಮಾತ್ರ ಅವರಿಗೆ ಅನ್ವಯ ಆಗಲ್ಲ. ಮುಂದಿನ ಒಪ್ಪಂದದಲ್ಲಿ ಅವರನ್ನೂ ಸೇರಿಸಬೇಕು ಅನ್ನೋದನ್ನ ಬೇಡಿಕೆ ಪಟ್ಟಿಗೆ ಹಾಕಿಸಿದ್ದು ಅಣ್ಣನೇ. ಆಡಳಿತದವರು ಇನ್ನೂ ಒಪ್ಪಿಲ್ಲ, ಮುಂದಿನ ತಿಂಗಳು ಮತ್ತೆ ಕೂರ್ತಾರಂತೆ.